ಒಡ್ಡಲಾಗದ ಸೆರಗು

ಭಯದ ಮಾತು ಹೇಳುತ್ತಿದ್ದೆವಲ್ಲ, ಅದಕ್ಕೊಂದು ದೃಷ್ಟಾಂತ ಕೇಳಿ. ಕಲ್ಲು ಒಡೆದು ಬದುಕುವ ಒಂದೂರಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಶ್ರೀಮಂತಳೇ ಅನ್ನಿ. ತಂದೆಯಿಂದ ಬಂದ ಗ್ರಾನೈಟ್ ಕ್ವಾರಿ ಇತ್ತು, ನಲವತ್ತು ಆಳು ಇದ್ದರು, ಓಡಾಡಲು ಜೀಪು ಇತ್ತು. ಗಂಡ ಹೈಸ್ಕೂಲು ಮಾಸ್ತರ. ಬಂಗಾರದಂಥ ಮನುಷ್ಯ, ಆದರೆ ಜಗಳ ಅಂದರೆ ಪೇಪರು ಅಡ್ಡ ಹಿಡಿದು ಕೂರುವವನು. ಹೆಸರಿಲ್ಲದೆ ಕಥೆ ರುಚಿಸದವರು ಅವಳನ್ನು ನೀಲಗಂಗವ್ವ ಎಂದುಕೊಳ್ಳಿ.

ಅವಳ ಕ್ವಾರಿಗೆ ಅಂಟಿಕೊಂಡೇ ಇನ್ನೊಬ್ಬನ ಕ್ವಾರಿ. ನಡುವಿನ ಗಡಿಕಲ್ಲನ್ನು ಯಾರೋ ಕಿತ್ತರು. ಅವನು ಕಿತ್ತ ಎಂದು ಇವಳು, ಇವಳ ಆಳುಗಳು ಕಿತ್ತರು ಎಂದು ಅವನು. ಮಾತಿಗೆ ಮಾತು ಬೆಳೆಯಿತು. ಒಂದು ದಿನ ಅವಳ ಜೀಪಿನ ಗಾಜು ಒಡೆದಿತ್ತು. ಮರುದಿನ ಅವನೇ ಫೋನು ಮಾಡಿ, ಕ್ವಾರಿಯ ಇಳಿಜಾರಿನಲ್ಲಿ ಜೀಪು ಉರುಳಿದರೆ ಯಾರ ಮೇಲೂ ಕೇಸಾಗುವುದಿಲ್ಲ ಎಂದ. ನೋಡಿ, ಅವಳ ಭಯ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸ್ವಾಮಿಗಳು ಹೆಣ್ಣುಮಗಳನ್ನೇ ಬೈದರು ಅನ್ನಬೇಡಿ.

ಅವಳು ಕಾಯಿದೆ ಪ್ರಕಾರವೇ ಹೋದಳು. ಅರ್ಜಿ ಕೊಟ್ಟಳು, ಪೊಲೀಸರು ಮನೆಗೆ ಬಂದು ವಿಚಾರಿಸಿದರು, ಗುರಿ ಹೊಡೆಯುವ ತರಬೇತಿ ಆಯಿತು, ಎಂಟು ತಿಂಗಳಿಗೆ ಪಿಸ್ತೂಲಿನ ಲೈಸೆನ್ಸು ಕೈಗೆ ಬಂತು. ಹೊರಗೆ ಕಾಣುವಂತೆ ಇಟ್ಟುಕೊಳ್ಳಬಾರದು, ತೋರಿಸಿ ಯಾರನ್ನೂ ಹೆದರಿಸಬಾರದು ಎಂದು ಅಧಿಕಾರಿ ಎರಡೆರಡು ಸಲ ಹೇಳಿ ಕಳಿಸಿದರು.

ಕಟ್ಟಿಕೊಂಡು ಹೊರಟ ಮೊದಲ ದಿನ. ಪಿಸ್ತೂಲಿನ ಚರ್ಮದ ಚೀಲ ಪ್ಯಾಂಟು ಹಾಕುವ ಗಂಡಸರಿಗೆ ಹೊಲಿದದ್ದು. ಸೀರೆಯಲ್ಲಿ ಎಲ್ಲಿ ಸಿಗಿಸುವುದು? ಲಂಗದ ಲಾಡಿಗೆ ಸಿಗಿಸಿದರೆ ಭಾರಕ್ಕೆ ಲಾಡಿ ಜಗ್ಗಿತು. ಕೊನೆಗೆ ಗಂಡನ ಹಳೇ ಬೆಲ್ಟನ್ನು ಲಂಗದ ಮೇಲೆ ಬಿಗಿದು, ಮುಂದೆ ಎಡಕ್ಕೆ ಸಿಗಿಸಿ, ಮೇಲೆ ಸೆರಗು ಎಳೆದುಕೊಂಡಳು. ಕನ್ನಡಿಯಲ್ಲಿ ನೋಡಿಕೊಂಡಳು. ಏನೂ ಕಾಣಲಿಲ್ಲ.

ಧೈರ್ಯ ಬಂತೇ? ಬಂತು. ಮನೆಯಿಂದ ಜೀಪಿನವರೆಗೆ ಬಂತು. ಜೀಪಿನಲ್ಲಿ ಕೂತರೆ ಪಕ್ಕೆಗೆ ಒತ್ತಿತು. ಇಳಿದಾಗ ಮುಟ್ಟಿ ನೋಡಿಕೊಂಡಳು. ಹತ್ತು ಹೆಜ್ಜೆಗೆ ಮತ್ತೊಮ್ಮೆ ಮುಟ್ಟಿದಳು. ಮೇಸ್ತ್ರಿ ನಮಸ್ಕಾರ ಅಂದರೆ ಇವನು ನನ್ನ ಸೊಂಟವನ್ನೇಕೆ ನೋಡಿದ ಅನ್ನಿಸಿತು. ಪಾಪ, ಅವನು ನೋಡಿದ್ದು ಅವಳ ಕೈಯಲ್ಲಿದ್ದ ಬುತ್ತಿ ಡಬ್ಬಿಯನ್ನು. ಕೆಲಸದ ಹೆಂಗಸೊಬ್ಬಳು ಏನೋ ಕೇಳಲು ಹತ್ತಿರ ಬಂದರೆ ಇವಳು ಎರಡು ಹೆಜ್ಜೆ ಹಿಂದೆ. ತನ್ನನ್ನು ಕಾಯಲಿ ಎಂದು ತಂದದ್ದನ್ನು ತಾನೇ ಕಾಯುವ ಕೆಲಸ ಶುರುವಾಯಿತು. ದಿನಾ ಆಳುಗಳ ಜೊತೆ ಬಂಡೆಯ ಮೇಲೆ ಕಾಲು ಮಡಚಿ ಕೂತು ರೊಟ್ಟಿ ತಿನ್ನುವವಳು ಅವತ್ತು ಒಬ್ಬಳೇ ನಿಂತು ತಿಂದಳು.

ಊಟ ಮುಗಿದಿತ್ತಷ್ಟೆ. ಪಕ್ಕದ ಕ್ವಾರಿಯವನ ಜೀಪು ಬಂದು ಅವಳ ಶೆಡ್ಡಿನ ಮುಂದೆ ನಿಂತಿತು. ಕೈ ತಾನಾಗಿ ಸೆರಗಿನೊಳಗೆ ಹೋಯಿತು. ಆದರೆ ಇಳಿದದ್ದು ಅವನಲ್ಲ, ಅವನ ತಾಯಿ. ಎಪ್ಪತ್ತು ದಾಟಿದ ಮುದುಕಿ, ಮಂಡಿನೋವು ಬೇರೆ. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಒಂದು ಹಸಿರು ಖಣ. ಮಗ ಜೀಪಿನಲ್ಲೇ ಕೂತಿದ್ದ. ಮುದುಕಿ ಸುತ್ತಿ ಬಳಸಿ ಮಾತಾಡಲಿಲ್ಲ.

“ನನ್ನ ಮಗ ಆಡಬಾರದ ಮಾತ ಆಡ್ಯಾನವ್ವಾ. ನಿನಗ ಉಡಿ ತುಂಬಾಕ ಬಂದೀನಿ. ತುಂಬಿಸ್ಕೊಂಡ್ರ ನೀ ನಮ್ಮ ಮನೀ ಮಗಳಾಗತಿ. ತಂಗೀ ಮ್ಯಾಲೆ ಅವ ಹೆಂಗ ಕೈ ಎತ್ತತಾನ ನಾ ನೋಡತೀನಿ. ಸೆರಗ ಒಡ್ಡವ್ವಾ.”

ಇಷ್ಟೇ ಕೆಲಸ. ಎರಡು ಕೈಯಲ್ಲಿ ಸೆರಗು ಹಿಡಿದು ಮುಂದೆ ಒಡ್ಡಬೇಕು. ಎಂಟು ತಿಂಗಳ ಭಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಾಯಂದಿರೇ, ನಿಮಗೆ ಗೊತ್ತು, ಸೆರಗು ಒಡ್ಡಿದರೆ ಸೊಂಟ ಕಾಣುತ್ತದೆ. ಸಮಾಧಾನಕ್ಕೆ ಬಂದ ಮುದುಕಿಗೆ ಪಿಸ್ತೂಲು ತೋರಿಸುವುದೇ? ಜೀಪಿನಿಂದ ಮಗ ನೋಡುತ್ತಿದ್ದಾನೆ, ಅವನು ಏನು ತಿಳಿದಾನು? ನೀಲಗಂಗವ್ವನ ಬಾಯಿಗೆ ಬಂದದ್ದು ಹೆಂಗಸರ ಹಳೆಯ ನೆಪ. ನಾನು ಹೊರಗಾಗಿದ್ದೇನೆ, ಇವತ್ತು ಉಡಿ ನಡೆಯದು ಅಂದಳು. ಆ ಮೈಲಿಗೆಯನ್ನು ನಾವು ಒಪ್ಪುವುದಿಲ್ಲ, ಆ ಮಾತು ಬೇರೆ. ಮುದುಕಿ ಅವಳ ಮುಖ ನೋಡಿದಳು, ಸೊಂಟದ ಮೇಲೆ ಸೆರಗು ಒತ್ತಿ ಹಿಡಿದ ಕೈ ನೋಡಿದಳು, ಮೊರ ಹೊತ್ತು ಹೊರಟಳು.

ಸಂಜೆಗೆ ಮೇಸ್ತ್ರಿಯ ಬಾಯಲ್ಲಿ ಆ ಮಗನ ಮಾತು ಬಂತು. ನನ್ನ ತಾಯಿ ಒಬ್ಬರ ಬಾಗಿಲಿಗೆ ಹೋಗಿ ತುಂಬಿದ ಮೊರ ಹೊತ್ತು ತಿರುಗಿ ಬಂದಳು, ಇನ್ನೊಮ್ಮೆ ಕಳಿಸುವುದಿಲ್ಲ, ಇನ್ನು ಏನಿದ್ದರೂ ಗಡಿಯಲ್ಲಿ ನೋಡೋಣ ಎಂದಿದ್ದನಂತೆ. ಕೊಲ್ಲಲು ಬರುವವನನ್ನು ತಡೆಯಲು ಕಟ್ಟಿಕೊಂಡದ್ದು, ಮೊದಲ ದಿನ ತಡೆದದ್ದು ಯಾರನ್ನು? ಯಾರನ್ನು ಹೇಳಿ? ಮಡಿಲು ತುಂಬಲು ಬಂದವಳನ್ನು. ತನಗೆ ನಾಚಿಕೆಯಾಯಿತು ಎಂದು ನೀಲಗಂಗವ್ವನೇ ಆಮೇಲೆ ಎಲ್ಲರೆದುರು ಹೇಳಿಕೊಂಡಳು.

ಮರುದಿನ ಬೆಳಿಗ್ಗೆ ಪಿಸ್ತೂಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನೆಟ್ಟಗೆ ಆ ಮನೆಗೆ ಹೋದಳು. ಮಗ ಪಡಸಾಲೆಯಲ್ಲೇ ಇದ್ದ, ನೋಡಿ ಎದ್ದು ನಿಂತ. ಅವಳು ಹೊಸ್ತಿಲ ಹೊರಗೆ ನಿಂತು ಎರಡೂ ಕೈಯಲ್ಲಿ ಸೆರಗು ಒಡ್ಡಿದಳು.

“ಅಮ್ಮಾರ, ನಿನ್ನಿ ನಾ ಸುಳ್ಳ ಹೇಳಿದ್ನಿ. ನನ್ನ ನಡದಾಗ ಪಿಸ್ತೂಲಿತ್ತು, ಅದಕ್ಕ ಒಡ್ಡಲಿಲ್ಲ. ಈಗ ಒಡ್ಡೀನಿ. ತುಂಬಿದ್ರ ತುಂಬ್ರಿ.”

ಮುದುಕಿಗೆ ಆಶ್ಚರ್ಯವೇ ಆಗಲಿಲ್ಲ.

“ನನಗ ಗೊತ್ತಾತವ್ವಾ. ಇವ ಜೀಪಿನ್ಯಾಗ ಯಾಕ ಕುಂತಿದ್ದ ಅಂತ ಮಾಡೀದಿ? ಇವನ ನಡದಾಗೂ ಇತ್ತು. ಅದನ್ನ ತಗದಿಟ್ಟು ಒಳಗ ಬಾ ಅಂದ್ನಿ, ಬರಲಿಲ್ಲ.”

ಕೇಳಿದಿರಾ? ಅವಳಿಗೆ ಅವನ ಭಯ, ಅವನಿಗೆ ಅವಳ ಭಯ. ನಡುವೆ ಬರಿಗೈಯಲ್ಲಿ ಓಡಾಡಿದವಳು ಮಂಡಿನೋವಿನ ಮುದುಕಿ ಒಬ್ಬಳೇ. ಮಗ ತಲೆ ತಗ್ಗಿಸಿ ಒಳಗೆ ಹೋದ. ತಿಜೋರಿಯ ಬಾಗಿಲು ಹಾಕಿದ ಸದ್ದು ಹೊರಗಿನವರಿಗೂ ಕೇಳಿಸಿತು. ಮುದುಕಿ ಐದು ಹಿಡಿ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಖಣ ಇಟ್ಟಳು. ಗಡಿಕಲ್ಲನ್ನು ಸರ್ವೆಯವರು ಬಂದು ನೆಟ್ಟರು. ಇಬ್ಬರಿಗೂ ಅದು ಪೂರಾ ಹಿಡಿಸಲಿಲ್ಲ, ಇಬ್ಬರೂ ಗೊಣಗಿ ಸುಮ್ಮನಾದರು. ಲೈಸೆನ್ಸು ಈಗಲೂ ಅವಳ ಹತ್ತಿರ ಇದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಮ್ಮ ಹತ್ತಿರ ಪಿಸ್ತೂಲಿಲ್ಲವಲ್ಲ ಎಂದು ಆರಾಮಾಗಿ ಗೋಡೆಗೆ ಒರಗಿದ್ದೀರಿ. ಇಲ್ಲವೇ? ನಾದಿನಿ ಹತ್ತು ವರ್ಷದ ಹಿಂದೆ ಆಡಿದ ಮಾತು ಎಲ್ಲಿದೆ? ಆಸ್ತಿ ಪಾಲಾದ ದಿನ ಅಣ್ಣ ತಿರುಗಿಸಿದ ಮುಖ ಎಲ್ಲಿದೆ? ಸೆರಗಿನೊಳಗಿದೆ, ಜೇಬಿನೊಳಗಿದೆ, ದಿನಾ ಮುಟ್ಟಿ ನೋಡಿಕೊಳ್ಳುತ್ತೀರಿ. ಅವರೇ ಒಂದು ದಿನ ಹೋಳಿಗೆ ಡಬ್ಬಿ ಹಿಡಿದು ಬಂದರೆ ನಿಮಗೆ ತಟ್ಟನೆ ಶುಗರ್ ನೆನಪಾಗುತ್ತದೆ. ಹೋದ ವಾರ ಮದುವೆ ಮನೆಯಲ್ಲಿ ನಾಲ್ಕು ಹೋಳಿಗೆ ತಿಂದಾಗ ಆ ಶುಗರ್ ಎಲ್ಲಿಗೆ ಹೋಗಿತ್ತು? ನಕ್ಕು ಮುಗಿಸಿ, ಆಮೇಲೆ ಕೇಳಿ.

ಮನೆಗೆ ಬೀಗ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಹಾಕಿ. ಹೆದರಿಸಿದವರ ಮೇಲೆ ದೂರು ಕೊಡಿ. ಆದರೆ ಕೊಡಲು ಬಂದವರ ಮುಂದೆ ನೆಪ ಹೇಳಬೇಡಿ. ಈ ಕಥೆ ಕೇಳುವಾಗ ನಿಮಗೆ ಒಬ್ಬರ ಮುಖ ಕಣ್ಣಮುಂದೆ ಬಂತು. ಬಂದಿಲ್ಲ ಅನ್ನಬೇಡಿ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಿ. ಅವರು ಮೊದಲು ಬರಲಿ ಎಂದು ಕಾಯಬೇಡಿ. ಅವರು ಒಮ್ಮೆ ಬಂದು ಹೋಗಿರಬಹುದು, ತಿರುಗಿಸಿ ಕಳಿಸಿದವರು ನೀವೇ ಇರಬಹುದು. ಹೋಗಿ ನಿಂತು, ತಪ್ಪಿದ್ದರೆ ತಪ್ಪಾಯಿತು ಅನ್ನಿ, ಸುಳ್ಳು ಹೇಳಿದ್ದರೆ ಸುಳ್ಳು ಹೇಳಿದೆ ಅನ್ನಿ. ಅವರು ಏನು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಂಡು ಬನ್ನಿ.