ಕಲೆ ಬೀಳದ ಹಾಳೆ

ಸಂಜೆ ಐದೂವರೆಯಾಗಿದೆ. ಬೆಳಿಗ್ಗೆ ಸುರಕ್ಷತಾ ದಿನದ ಧ್ವಜ ಏರಿತು. ಆಮೇಲೆ ಸುರಕ್ಷತೆಯ ಪ್ರತಿಜ್ಞೆ, ಚಿತ್ರಸ್ಪರ್ಧೆ, ಊಟ, ಗಣ್ಯರ ಮಾತು. ಇಷ್ಟಾದರೂ ಎದ್ದು ಹೋಗದ ಅಧ್ಯಕ್ಷರೇ, ಬಾಗಲಕೋಟೆಯಿಂದ ಬಂದ ಅಧಿಕಾರಿಗಳೇ, ನೂಲಿನ ಬಣ್ಣದ ಮನೆಯ ಮಾಲೀಕರಾದ ಅಂದಪ್ಪನವರೇ, ಇಳಕಲ್ಲಿನ ನೇಕಾರ ಬಂಧುಗಳೇ, ಸಭಿಕರೇ,

ನಾನು ಬಸವೇಶ್ವರಿ. ಕಳೆದ ವರ್ಷ ಬಣ್ಣದ ಮನೆಯ ಹೊಗೆಯಲ್ಲಿ ತೀರಿಕೊಂಡ ನಾಗಲಿಂಗ ಅವರ ಹೆಂಡತಿ. ಯಜಮಾನರ ಹೆಸರು ಹೇಳುವ ರೂಢಿ ನನಗಿಲ್ಲ. ಆಮಂತ್ರಣದಲ್ಲಿ ಅಚ್ಚಾಗಿದೆ, ಹಾಗಾಗಿ ಓದಿದೆ. ನಾಳೆಯಿಂದ ನಮ್ಮ ಮಗ ಶಂಭು ಅದೇ ಕೆಲಸಕ್ಕೆ ಸೇರುತ್ತಾನೆ. ಅದಕ್ಕೇ ನಿಂತು ಮಾತಾಡುತ್ತಿದ್ದೇನೆ.

ಪುಡಿಗಳ ಅಪಾಯ ತಿಳಿಸುವ ಉತ್ತಮ ಸುರಕ್ಷತಾ ಹಾಳೆಯ ಬಹುಮಾನ ಈಗಷ್ಟೇ ಅಂದಪ್ಪನವರಿಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಬಂಗಾರದ ಬಣ್ಣದ ಕಟ್ಟು, ಮೇಲೆ ಗಾಜು, ಒಂದು ಕಲೆಯಿಲ್ಲ! ಕಲೆ ಹೇಗೆ ಬಿದ್ದೀತು? ಆ ಹಾಳೆ ಬಣ್ಣದ ಮನೆಯನ್ನು ನೋಡಿಯೇ ಇಲ್ಲ. ಆಫೀಸಿನಲ್ಲಿ ಮಾಲೀಕರ ಕುರ್ಚಿಯ ಹಿಂದೆ ಇದೆ. ದಿನಾ ಊದಿನಕಡ್ಡಿ ಬೆಳಗುತ್ತಾರೆ. ಓದಬೇಕಾದವರು ಅವರ ತಲೆಯ ಮೇಲಿಂದ ಇಣುಕಬೇಕು. ಕನ್ನಡದಲ್ಲೂ ಇದೆ: ‘ಶ್ವಾಸಮಾರ್ಗ ಪ್ರಕೋಪಕ, ಆರ್ದ್ರತೆ ವರ್ಜ್ಯ.’ ಹೊಗೆ ಎದ್ದಾಗ ಅರ್ಥ ಹೇಳಲು ಶಾಸ್ತ್ರಿಗಳಿಗೆ ಹೇಳಿಕಳಿಸಬೇಕು.

ನೂಲಿಗೆ ಬಣ್ಣ ಹಾಕುವಾಗ ಬೇಕಾಗುವ ಹೈಡ್ರೋಸ್ ಪುಡಿ ನಿಮಗೆ ಗೊತ್ತು. ತೇವ ತಾಕಿದರೆ ತಾನೇ ಕಾಯುತ್ತದೆ. ಡಬ್ಬಿಯ ಮೇಲೆ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ. ಕೆಳಗೆ ಬೆಂಕಿಯ ಚಿತ್ರ. ಆಯುಧ ಪೂಜೆಯ ದಿನ ನಮ್ಮವರೇ ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಹಚ್ಚಿದರು. “ನಮ್ಮನ್ನ ಕಾಯಪಾ” ಎಂದು ಡಬ್ಬಿಗೆ ಕೈ ಮುಗಿದರು. ಓದಲು ಮೊದಲೇ ಬರುತ್ತಿರಲಿಲ್ಲ. ಆಮೇಲೆ ಚಿತ್ರವೂ ಮುಚ್ಚಿತು.

ಒಂದು ದಿನ ಡಬ್ಬಿ ಹೊಗೆಯಾಡಿತು. ಅವರು ಒಂದು ಕೊಡ ನೀರು ಸುರಿದರು. ಹೊಗೆ ಕಂಡರೆ ನೀವಾದರೂ ಏನು ಮಾಡುತ್ತಿದ್ದಿರಿ? ಹೊಗೆ ಕೋಣೆ ತುಂಬಿತು. ದವಾಖಾನೆಯಲ್ಲಿ ಉಸಿರು ಎಳೆಯುತ್ತ, “ನೀರ ಹಾಕೀನಲ್ಲ, ಯಾಕ ಆರಲಿಲ್ಲ?” ಎಂದು ಕೇಳಿದರು. ಉತ್ತರ ಹಾಳೆಯಲ್ಲಿತ್ತು. ಹಾಳೆ ಆಗ ಕಪಾಟಿನಲ್ಲಿತ್ತು.

ಹೋದ ವಾರ ಆಫೀಸಿಗೆ ಹೋಗಿ, “ಸಾವ್ಕಾರ್ರ, ಆ ಹಾಳಿ ಒಳಗ ಹಾಕ್ರಿ” ಎಂದೆ.

“ಯವ್ವಾ, ಒಳಗ ಉಗಿ ಇರ್ತದ, ಹಾಳಿ ಕೆಡ್ತದ.”

“ಮಂದಿ ಕೆಡೂದಿಲ್ಲೇನ್ರಿ?”

“ನಿನ್ನ ಗಂಡನಂಗ ಮಾತಾಡ್ತಿ ನೋಡು” ಎಂದು ನಕ್ಕು ಚಹಾ ತರಿಸಿದರು. ಚಹಾ ಚೆನ್ನಾಗಿತ್ತು.

ನನಗೆ ಶಾಲು ಹೊದಿಸಿದ್ದೀರಿ, ಉಪಕಾರ. ಆದರೆ ಕೇಳಬೇಕಾದದ್ದು ಬೇರೆ ಇದೆ. ಬಣ್ಣದ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಇದೆ. ಅವರು ಅಂಗಿ ಬಿಚ್ಚಿ ಅದಕ್ಕೆ ಹಾಕುತ್ತಿದ್ದರು. ಅಂಗಿ ಈಗ ನಮ್ಮ ಮನೆಯಲ್ಲಿದೆ, ಮೊಳೆ ಖಾಲಿ ಇದೆ. ಗಾಜು ಬೇಡ, ಕಟ್ಟು ಬೇಡ. ರಟ್ಟಿನ ಮೇಲೆ ನಾನೇ ಬರೆದು ತಂದಿದ್ದೇನೆ: ‘ಡಬ್ಬಿ ಹೊಗಿ ಬಿಟ್ರ ಕೊಡದ ನೀರ ಹಾಕಬ್ಯಾಡ್ರಿ. ಹೊರಗ ಓಡ್ರಿ.’ ಇದಕ್ಕೆ ಬಹುಮಾನ ಬರಲಾರದು. ಬೇಗ ಕಲೆಯಾಗುತ್ತದೆ.

ಅಂದಪ್ಪನವರೇ, ಎಲ್ಲರ ಮುಂದೆ ಕೇಳುತ್ತಿದ್ದೇನೆ: ಇದನ್ನು ಆ ಮೊಳೆಗೆ ತೂಗುಹಾಕಲೇ? ಹೂಂ ಎಂದು ತಲೆ ಆಡಿಸಿದಿರಿ, ಸಭೆ ನೋಡಿದೆ. ತಾಳ್ಮೆಯಿಂದ ಕೇಳಿದ ಎಲ್ಲರಿಗೂ ನನ್ನ ನಮಸ್ಕಾರ.

ನಾಳೆ ಬೆಳಿಗ್ಗೆ ಏಳಕ್ಕೆ ಬಣ್ಣದ ಮನೆ ತೆರೆಯುತ್ತದೆ. ಶಂಭು ತನ್ನ ಅಂಗಿಯನ್ನು ಬೇರೆಲ್ಲಾದರೂ ಇಡುತ್ತಾನೆ.