ನಕ್ಷೆಯಲ್ಲಿಲ್ಲದ ಸುಣ್ಣದ ಗುಂಡಿ

ಹೇಳಿಕೆ ಕೊಡುವವರು: ಹೆಸರು ಠಾಣೆಯ ಪುಸ್ತಕದಲ್ಲಿ ಬರೆದಿರುವಂತೆ, ಊರಿನವರು ಕರೆಯುವುದು ಸುಣ್ಣದಕ್ಕ ಎಂದು. ವಯಸ್ಸು 56. ಕಸುಬು ಗಾರೆ ಕೆಲಸ. ವಾಸ ಕೋಟೆಯೊಳಗೆ, ಮೂಡಣ ಬಾಗಿಲಿನಿಂದ ಮೂರನೆಯ ಬೀದಿ, ಬಾವಿಯ ಎದುರಿನ ಮನೆ.

ಠಾಣಾಧಿಕಾರಿಯವರಿಗೆ ಈ ಮೂಲಕ ತಿಳಿಸುವುದೇನೆಂದರೆ, ಈ ದಿನ 13ನೇ ತಾರೀಖು ಗುರುವಾರ ಮಧ್ಯಾಹ್ನ 2 ಗಂಟೆಗೆ ನನ್ನನ್ನು ಠಾಣೆಗೆ ಕರೆಸಿ, ಮನೆ ಕಟ್ಟುವ ಕಂಪನಿಯವರು ನನ್ನ ಮೇಲೆ ಕೊಟ್ಟಿರುವ ದೂರನ್ನು ಓದಿ ಹೇಳಿದರು. ನಾನು ಅವರ ಜಾಗದಲ್ಲಿ ಕದ್ದುಮುಚ್ಚಿ ಗುಂಡಿ ತೋಡಿ, ಮೇಲೆ ಮಣ್ಣು ಹರಡಿ, ಅವರ ಯಂತ್ರವನ್ನೂ ಅದನ್ನು ಓಡಿಸುವ ಚಾಲಕನನ್ನೂ ಅದರಲ್ಲಿ ಬೀಳಿಸಿದೆನೆಂದು ಅದರಲ್ಲಿದೆ. ಸೂಪರ್‌ವೈಸರ್ ಮೇಲೆ ಕೈ ಮಾಡಿದೆನೆಂದೂ ಇದೆ. ಎರಡನೆಯದು ನಿಜ. ಮೊದಲನೆಯದು ಶುದ್ಧ ಸುಳ್ಳು. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಸಾಹೇಬರು ಜನ ಆಡಿದ ಮಾತನ್ನು ನಯ ಮಾಡದೆ ಆಡಿದ ಹಾಗೇ ಬರೆದುಕೊಳ್ಳಬೇಕೆಂದು ಕೇಳಿದ್ದೇನೆ. ಅವರು ಒಪ್ಪಿದ್ದಾರೆ.

ಮೂಡಣ ಬಾಗಿಲಿನ ಹೊರಗೆ 210 ಅಡಿ ದೂರದಲ್ಲಿ ಪುರಸಭೆಯ ಬಯಲಿದೆ. ಕೋಟೆಯ ಗೋಡೆ ರಿಪೇರಿ ಮಾಡುವವರು ಸುಣ್ಣ ಅರಳಿಸಿಕೊಳ್ಳಲೆಂದು ಅದನ್ನು ನನ್ನ ತಾತನ ಕಾಲದಲ್ಲೇ ಬಿಟ್ಟುಕೊಟ್ಟಿದ್ದಾರೆ. ಅದರ ನಡುವೆ 14 ಅಡಿ ಉದ್ದ, 8 ಅಡಿ ಅಗಲ, 6 ಅಡಿ ಆಳದ ಒಂದು ಗುಂಡಿ ಇದೆ. ಒಂಬತ್ತು ವರ್ಷ ನಾಲ್ಕು ತಿಂಗಳ ಹಿಂದೆ ನಮ್ಮಪ್ಪ ಅದರಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಜರಡಿ ಹಿಡಿದು, ತುಂಬಿಸಿದರು. ಹಾಗೆ ತುಂಬಿಸಿದ ಮೇಲೆ ಸುಣ್ಣ ಒಣಗಬಾರದೆಂದು ಮೇಲೆ ಒಂದು ಗೇಣು ಒದ್ದೆ ಮರಳು, ಅದರ ಮೇಲೆ ಮಣ್ಣು ಮುಚ್ಚುತ್ತೇವೆ. ಮಣ್ಣಿನ ಮೇಲೆ ಹುಲ್ಲು ಬರುತ್ತದೆ. ಗೊತ್ತಿಲ್ಲದವರಿಗೆ ಅದು ನೆಲ. ಕೆಳಗೆ ಸುಣ್ಣ ಬೆಣ್ಣೆಯ ಹಾಗೆ ಮೆತ್ತಗೇ ಇರುತ್ತದೆ. ಗೋಡೆಗೆ ಬಳಿಯುವ ಸುಣ್ಣವನ್ನು ನಾವು ಒಂದೆರಡು ವರ್ಷಕ್ಕೆ ತೆಗೆಯುತ್ತೇವೆ. ಕಮಾನಿಗೆ ಹಾಕುವುದನ್ನು ಹತ್ತು ವರ್ಷ ಮುಟ್ಟುವುದಿಲ್ಲ. ಈ ಗುಂಡಿ ಮೂಡಣ ಬಾಗಿಲಿನ ಕಮಾನಿಗೆಂದು ತುಂಬಿಸಿದ್ದು. ಕಮಾನಿನಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ಬಿರುಕಿದೆ. ಮುಂದಿನ ವರ್ಷ ಅದನ್ನು ರಿಪೇರಿ ಮಾಡುವ ಕೆಲಸ ನನ್ನದೆಂದು ಪುರಸಭೆಯ ಕಾಗದವೇ ಇದೆ. ಗುಂಡಿ ತುಂಬಿಸಿದ ಮರುವರ್ಷ ಅಪ್ಪ ತೀರಿಕೊಂಡರು. ಇದನ್ನು ತೆರೆಯುವ ದಿನ ತಾನಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ತುಂಬಿಸಿದರು. ನಮ್ಮ ಕಸುಬಿನಲ್ಲಿ ಅದು ದೊಡ್ಡ ವಿಷಯವೇನಲ್ಲ.

ಗುಂಡಿಯ ಸುತ್ತ ಎಂಟು ಮರದ ಕಂಬ ನೆಟ್ಟು ಮುಳ್ಳುತಂತಿ ಕಟ್ಟಿದ್ದೆ. ‘ಒಳಗೆ ಸುಣ್ಣ ಇದೆ, ಕಾಲಿಡಬೇಡಿ’ ಎಂಬ ತಗಡಿನ ಬೋರ್ಡು ಇತ್ತು.

ಕಳೆದ ತಿಂಗಳು 18ನೇ ತಾರೀಖು ಭಾನುವಾರ ಬೆಳಿಗ್ಗೆ 8 ಗಂಟೆಗೆ ಪುರಸಭೆ ಕಚೇರಿಯ ಮೊಗಸಾಲೆಯ ಗೋಡೆಗೆ ಗಾರೆ ಹಾಕಲು ಹೋಗಿದ್ದೆ. ರಜೆಯ ದಿನವಾದ್ದರಿಂದ ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ಆಗ ಬಾಗಿಲ ಹಿಂದಿನ ಗೋಡೆಗೆ ಅಂಟಿಸಿದ್ದ ಒಂದು ನೋಟಿಸು ಕಂಡಿತು. ಕೋಟೆಯ ಹೊರಗಿನ ಬಯಲಿನಲ್ಲಿ ಒಂಬತ್ತು ಅಂತಸ್ತಿನ ಹದಿನಾಲ್ಕು ಕಟ್ಟಡ, 1,260 ಮನೆ; ಆಕ್ಷೇಪಣೆ ಇದ್ದವರು 3ನೇ ತಾರೀಖಿನಿಂದ ಮೂವತ್ತು ದಿನದೊಳಗೆ ಬರೆದುಕೊಡಬೇಕು ಎಂದಿತ್ತು. ಆ ಬಾಗಿಲು ಕಚೇರಿ ನಡೆಯುವಷ್ಟು ಹೊತ್ತೂ ತೆರೆದು ಗೋಡೆಗೆ ಆತುಕೊಂಡಿರುತ್ತದೆ. ಅಂದರೆ ಕಚೇರಿ ತೆರೆದಾಗ ನೋಟಿಸು ಕಾಣುವುದಿಲ್ಲ, ನೋಟಿಸು ಕಾಣುವಾಗ ಕಚೇರಿ ಇರುವುದಿಲ್ಲ. ಹದಿನೈದು ದಿನದಿಂದ ಅದು ಅಲ್ಲೇ ಇತ್ತು. ಊರಿನ ಕಿವಿಗೆ ಹೂವಿಡುವುದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಯಾರೆಂದು ನನಗೆ ಇನ್ನೂ ತಿಳಿದಿಲ್ಲ.

20ನೇ ತಾರೀಖು ಮಂಗಳವಾರ ನಾಲ್ಕು ಪುಟದ ಆಕ್ಷೇಪಣೆ ಬರೆದೆ. ಮನೆಗಳೇ ಬೇಡವೆಂದು ನಾನು ಬರೆಯಲಿಲ್ಲ. ಗೋಡೆ ಕಟ್ಟಿ ಬದುಕುವವಳು ಮನೆ ಬೇಡ ಅನ್ನುತ್ತಾಳೆಯೇ? ಕೋಟೆಯೊಳಗಿರುವುದು ಒಟ್ಟು 870 ಮನೆ. ಹೊರಗೆ ಅದಕ್ಕಿಂತ ಹೆಚ್ಚು ಮನೆ ಕಟ್ಟಿ, ಅಷ್ಟಕ್ಕೂ ದಾರಿ ಊರೊಳಗಿಂದ ಹಾದುಬರುವ ಈ ಮೂಡಣ ಬಾಗಿಲೊಂದೇ ಎಂದು ನಕ್ಷೆ ಹೇಳುತ್ತದೆ, ಬಾಗಿಲಿನ ಅಗಲ 9 ಅಡಿ 4 ಅಂಗುಲ, ಬಿರುಕು ಬಿಟ್ಟ ಕಮಾನಿನ ಕೆಳಗೆ ದಿನಕ್ಕೆ ಅರವತ್ತು ಲಾರಿ ಓಡಿದರೆ ಅದು ನಿಲ್ಲುವುದಿಲ್ಲ ಎಂದು ಬರೆದೆ. ನಾಲ್ಕನೆಯ ಪುಟದಲ್ಲಿ ಗುಂಡಿಯ ಉದ್ದ, ಅಗಲ, ಆಳ, ಬಾಗಿಲಿನಿಂದ ಎಷ್ಟು ದೂರ ಎಲ್ಲವನ್ನೂ ಬರೆದು, ಸ್ಕೇಲು ಇಟ್ಟು ಚಿತ್ರ ಬಿಡಿಸಿ, ಇಲ್ಲಿ ಯಂತ್ರ ಹತ್ತಿಸಿದರೆ ಮುಳುಗುತ್ತದೆ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಅದೇ ದಿನ 11 ಗಂಟೆ 20 ನಿಮಿಷಕ್ಕೆ ಪುರಸಭೆಯಲ್ಲಿ ಕೊಟ್ಟೆ. ಕಾಗದಗಳನ್ನು ತೆಗೆದುಕೊಳ್ಳುವ ಗುಮಾಸ್ತರು ನನ್ನ ಅಕ್ಕನ ಗಂಡ. ಭಾವ ಓದಿ, ಕನ್ನಡಕ ತೆಗೆದು, ‘ಇದೆಲ್ಲ ನಿನಗ್ಯಾಕೆ? ದೊಡ್ಡವರ ವಿಷಯ, ಮೂಗು ತೂರಿಸಬೇಡ’ ಎಂದರು. ನಾನು ರಸೀದಿ ಕೇಳಿದೆ. ಅವರು ನಗುತ್ತಾ, ‘ಮನೆಯವರಿಗೂ ರಸೀದಿನಾ?’ ಎಂದರು. ಹೌದು ಎಂದೆ. ಮುದ್ರೆ ಒತ್ತಿ ಸಹಿ ಹಾಕಿ ಕೊಟ್ಟರು. ಆಕ್ಷೇಪಣೆ ಸಂಖ್ಯೆ 1, ನಾಲ್ಕು ಪುಟ, ಒಂದು ಚಿತ್ರ ಎಂದು ಅದರಲ್ಲಿದೆ.

ಈ ತಿಂಗಳು 5ನೇ ತಾರೀಖು ಬುಧವಾರ 10 ಗಂಟೆ 30 ನಿಮಿಷಕ್ಕೆ ವಿಚಾರಣೆ ಸಭೆ ನಡೆಯಿತು. ಯೋಜನಾಧಿಕಾರಿಯವರು, ಯಾವ ಆಕ್ಷೇಪಣೆಯೂ ಬಂದಿಲ್ಲ, ಆದ್ದರಿಂದ ಒಪ್ಪಿಗೆಯಾಗಿದೆ ಎಂದು ಓದಿದರು. ಸಭೆ ಆರು ನಿಮಿಷಕ್ಕೆ ಮುಗಿಯಿತು. ನಾನು ಎದ್ದು, ನಾನು ಕೊಟ್ಟಿದ್ದೇನೆ, ಅಲ್ಲಿ ಗುಂಡಿ ಇದೆ ಎಂದೆ. ಅವರು ನಕ್ಷೆಯ ಮೇಲೆ ಪೆನ್ನಿನ ತುದಿ ಇಟ್ಟು, ‘ನೋಡಮ್ಮ, ಖಾಲಿ ಜಾಗ ಅಂತ ಬರೆದಿದೆ’ ಎಂದರು. ಬಯಲಿಗೆ ಬಂದು ನೋಡಿ ಎಂದೆ. ಅದಕ್ಕೆ ಸಮಯವಿಲ್ಲ ಎಂದರು. ಪಕ್ಕದಲ್ಲಿದ್ದ ಕಂಪನಿಯ ಮ್ಯಾನೇಜರ್ ಹಲ್ಲು ಕಿರಿದು, ‘ಬೇಜಾರು ಮಾಡ್ಕೋಬೇಡಿ, ನಮ್ಮ ಗೇಟಿಗೆ ಬಣ್ಣ ಹೊಡೆಯೋ ಕೆಲಸ ನಿಮಗೇ ಕೊಡ್ತೀವಿ’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೊಂದು ವರ್ಷದಿಂದ ಕೈಯಲ್ಲಿ ಕರಣೆ ಹಿಡಿದಿದ್ದೇನೆ. ಆ ಮನುಷ್ಯ ಒರಗಿ ನಿಂತಿದ್ದ ಗೋಡೆಯ ಗಾರೆಯೂ ನನ್ನದೇ.

ಅದೇ ದಿನ ಸಂಜೆ 6 ಗಂಟೆಗೆ ಅಕ್ಕನ ಮನೆಗೆ ಹೋಗಿ ಭಾವನನ್ನು ಕೇಳಿದೆ. ಅವರು, ‘ನನ್ನ ಡ್ರಾಯರಿನಲ್ಲಿದೆ. ಮೇಲೆ ಕಳಿಸಿದ್ರೆ ಕಮಾನಿನ ಕೆಲಸ ನಿನ್ನ ಕೈ ತಪ್ಪಿಹೋಗ್ತಿತ್ತು. ನಿನ್ನ ಒಳ್ಳೇದಕ್ಕೇ ಇಟ್ಕೊಂಡೆ’ ಎಂದರು. ಹಾಗೆ ಮಾಡಲು ಯಾರು ಹೇಳಿದರೆಂದು ಕೇಳಿದೆ. ಯಾರೂ ಹೇಳಲಿಲ್ಲ, ಆದರೆ ಹೇಳುವುದೇನೂ ಬೇಕಿರಲಿಲ್ಲ ಎಂದರು. ಅಕ್ಕ ಕೊಟ್ಟ ಕಾಫಿಯನ್ನು ಮುಟ್ಟದೆ ಬಂದೆ.

11ನೇ ತಾರೀಖು ಮಂಗಳವಾರ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಬಯಲಿಗೆ ಹೋದಾಗ ನನ್ನ ಎಂಟು ಕಂಬಗಳೂ ಇರಲಿಲ್ಲ. ಲಾರಿಯಲ್ಲಿ ರಾಶಿ ಬಿದ್ದಿದ್ದವು. ಬೋರ್ಡು ಅವುಗಳ ಮೇಲೆ ಬೋರಲು ಬಿದ್ದಿತ್ತು. ಮಣ್ಣು ಮಟ್ಟ ಮಾಡುವ ದೊಡ್ಡ ಯಂತ್ರ ಬಯಲಿನ ಆ ತುದಿಯಲ್ಲಿ ಕೆಲಸ ಮಾಡುತ್ತಿತ್ತು. ಸೂಪರ್‌ವೈಸರ್ ಹತ್ತಿರ ಹೋಗಿ ಗುಂಡಿಯ ವಿಷಯ ಹೇಳಿದೆ. ಅವರು ಮೊಬೈಲಿನಲ್ಲಿ ನಕ್ಷೆ ತೋರಿಸಿ, ‘ಮ್ಯಾಪಲ್ಲಿ ಏನೂ ಇಲ್ಲ, ನೀವು ಹೋಗಿ’ ಎಂದರು. ಬೋರ್ಡು ಓದಲಿಲ್ಲವೇ ಎಂದೆ. ‘ಅಂಥ ಬೋರ್ಡು ಎಲ್ಲಾ ಕಡೆ ಇರ್ತಾವೆ’ ಎಂದರು.

8 ಗಂಟೆ 30 ನಿಮಿಷಕ್ಕೆ ಇದೇ ಠಾಣೆಗೆ ಬಂದೆ. ಇದನ್ನೂ ಬರೆದುಕೊಳ್ಳಬೇಕು. ಈಗ ನನ್ನೆದುರು ಕೂತು ಬರೆಯುತ್ತಿರುವ ಸಾಹೇಬರೇ ಆಗ ಈ ಮೇಜಿನಲ್ಲಿದ್ದರು. ಒಂದು ಜೀವ ಹೋಗಬಹುದು ಎಂದು ಹೇಳಿದೆ. ಇನ್‌ಸ್ಪೆಕ್ಟರ್ ಹತ್ತು ಗಂಟೆಗೆ ಬರುತ್ತಾರೆ, ಆಗ ಬನ್ನಿ ಎಂದರು. ನಾನು ಬಂದದ್ದನ್ನು ಎಲ್ಲೂ ಬರೆದುಕೊಳ್ಳಲಿಲ್ಲ. ಈಗ ಬರೆದುಕೊಳ್ಳುತ್ತಿದ್ದಾರೆ.

9 ಗಂಟೆ 10 ನಿಮಿಷಕ್ಕೆ ಬಯಲಿಗೆ ವಾಪಸು ಬಂದೆ. ಯಂತ್ರ ಗುಂಡಿಯಿಂದ ಇಪ್ಪತ್ತು ಅಡಿ ದೂರದಲ್ಲಿತ್ತು. ಕೂಗಿದೆ. ಅದರ ಸದ್ದಿನಲ್ಲಿ ಕೇಳಿಸಲಿಲ್ಲ. 9 ಗಂಟೆ 14 ನಿಮಿಷಕ್ಕೆ ಅದರ ಮುಂದಿನ ಎರಡೂ ಚಕ್ರ ನೆಲದೊಳಕ್ಕೆ ಹೋದವು. ಚಾಲಕ, ವಯಸ್ಸು ಮೂವತ್ತರೊಳಗೆ, ಹೆದರಿ ಕೆಳಗೆ ಹಾರಿದ. ಹಾರಿದ್ದು ಗುಂಡಿಗೇ. ತೊಡೆಯವರೆಗೆ ಹೂತುಹೋದ. ಹಳೆಯ ಸುಣ್ಣ ಕುದಿಯುವುದಿಲ್ಲ, ಆದರೆ ಚರ್ಮವನ್ನು ತಿನ್ನುತ್ತದೆ. ಎಷ್ಟು ಹೊತ್ತು ಮೈಮೇಲಿರುತ್ತದೋ ಅಷ್ಟು ಆಳಕ್ಕೆ ತಿನ್ನುತ್ತದೆ. ನಾನು ಎರಡು ಹಲಗೆ ಎಸೆದು, ಅವುಗಳ ಮೇಲೆ ಮಲಗಿ, ಇಬ್ಬರು ಕೂಲಿಯವರ ಜೊತೆ ಸೇರಿ ಅವನನ್ನು ಎಳೆದೆ. ಒಂದು ಬೂಟು ಒಳಗೇ ಉಳಿಯಿತು.

ಸೂಪರ್‌ವೈಸರ್ ಅವನನ್ನು ಹಾಗೇ ಕಾರಿಗೆ ಹಾಕಲು ತೋಳು ಹಿಡಿದರು. ಇಲ್ಲಿ ಫೋಟೋ ಗೀಟೋ ಆಗಬಾರದು, ಬೇಗ ಎನ್ನುತ್ತಿದ್ದರು. ಮೊದಲು ನೀರಿನಲ್ಲಿ ತೊಳೆಯಬೇಕು ಎಂದು ಮೂರು ಸಲ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಎರಡೂ ಕೈಯಿಂದ ಎದೆಗೆ ತಳ್ಳಿದೆ. ಅವರು ಬಿದ್ದರು. ತಳ್ಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇದನ್ನೂ ಬರೆದುಕೊಳ್ಳಬಹುದು. ಅವರ ನೀರಿನ ಟ್ಯಾಂಕರಿನ ಪೈಪು ಎಳೆದು, ಚಾಲಕನ ಪ್ಯಾಂಟು ಕತ್ತರಿಸಿ, ಉಜ್ಜದೆ, ಆಂಬುಲೆನ್ಸ್ ಬರುವವರೆಗೆ ನಲವತ್ತು ನಿಮಿಷ ನೀರು ಬಿಟ್ಟೆ. ಅವನು ಪೂರ್ತಿ ಹೊತ್ತು ನನ್ನ ಸೆರಗು ಹಿಡಿದುಕೊಂಡಿದ್ದ.

ಮಧ್ಯಾಹ್ನ 3 ಗಂಟೆಗೆ ಆಸ್ಪತ್ರೆಗೆ ಹೋದೆ. ಎರಡೂ ಕಾಲು ಸುಟ್ಟಿವೆ, ಎರಡು ತಿಂಗಳು ನಿಲ್ಲುವ ಹಾಗಿಲ್ಲ, ನೀರು ಬಿಟ್ಟಿದ್ದರಿಂದ ಕಾಲು ಉಳಿದವು ಎಂದು ಡಾಕ್ಟರು ಹೇಳಿದರು. ಚಾಲಕ ಎಚ್ಚರವಾಗಿದ್ದ. ‘ಅಮ್ಮ, ಅಲ್ಲಿ ಗುಂಡಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ವಾ?’ ಎಂದು ಕೇಳಿದ. ಗೊತ್ತಿತ್ತು ಎಂದೆ. ಯಾರ್ಯಾರಿಗೆ ಎಂದ. ಪುರಸಭೆಗೆ, ಕಂಪನಿಗೆ, ಪೊಲೀಸರಿಗೆ ಎಂದು ಹೇಳಿದೆ. ಅವನು ಗೋಡೆಯ ಕಡೆ ತಿರುಗಿದ. ಭಾವನ ಹೆಸರನ್ನು ನಾನು ಹೇಳಲಿಲ್ಲ. ಪುರಸಭೆ ಎಂದುಬಿಟ್ಟರೆ ಯಾರೂ ಅಲ್ಲ ಎಂದ ಹಾಗೆ. ಅದು ನನಗೆ ಅಲ್ಲೇ ಚುಚ್ಚಿತು.

ಈ ದಿನ ಬೆಳಿಗ್ಗೆ 6 ಗಂಟೆ 30 ನಿಮಿಷಕ್ಕೆ ಅಕ್ಕ ನನ್ನ ಮನೆಗೆ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಳು. ಕಂಪನಿ ದೂರು ಕೊಟ್ಟಿರುವುದು ಅವಳಿಗೆ ಆಗಲೇ ಗೊತ್ತಿತ್ತು. ಭಾವನಿಗೆ ಇನ್ನು ಹದಿನಾಲ್ಕು ತಿಂಗಳ ಸರ್ವಿಸ್ ಇದೆ, ರಸೀದಿ ಕಳೆದುಹೋಯಿತು ಎಂದು ಹೇಳಿಬಿಡು ಎಂದಳು. ಹಾಗಂದರೆ ಗುಂಡಿ ನಾನೇ ತೋಡಿದೆ ಅಂತಾಗುತ್ತದೆ ಎಂದೆ. ‘ನಿನ್ನನ್ನ ಯಾರೂ ಜೈಲಿಗೆ ಹಾಕಲ್ಲ ಕಣೇ, ಹೆಂಗಸು, ವಯಸ್ಸಾಗಿದೆ. ಅವರನ್ನ ಮಾತ್ರ ಮನೇಲಿ ಕೂರಿಸ್ತಾರೆ. ಅಮ್ಮ ಹೋದ ಮೇಲೆ ನಿನಗೆ ತಲೆ ಬಾಚಿದ್ದು ಯಾರು?’ ಎಂದಳು. ಬಾಚಿದ್ದು ಅವಳೇ. ನಾನು ಅವಳ ಪಕ್ಕದಲ್ಲೇ ಕೂತೆ. ಇಬ್ಬರೂ ಅತ್ತೆವು. ಅವಳು 7 ಗಂಟೆ 15 ನಿಮಿಷಕ್ಕೆ ಹೊರಟಳು. ನಾನು ಏನೂ ಮಾತು ಕೊಡಲಿಲ್ಲ.

ಈಗ ಕಂಪನಿಯ ದೂರಿಗೆ ನನ್ನ ಉತ್ತರ. 14 ಅಡಿ ಉದ್ದ, 8 ಅಡಿ ಅಗಲ, 6 ಅಡಿ ಆಳದ ಗುಂಡಿ ಎಂದು ಅವರೇ ಅಳೆದು ದೂರಿನಲ್ಲಿ ಬರೆದಿದ್ದಾರೆ. ಪುರಸಭೆಯ ನಕ್ಷೆಯಲ್ಲಿ ಅದೇ ಜಾಗ ಖಾಲಿ. ಮನೆ ಕಟ್ಟಲು ಒಪ್ಪಿಗೆ ಬೇಕಾದಾಗ ಇಲ್ಲದ ಗುಂಡಿ, ನನ್ನನ್ನು ಸಿಕ್ಕಿಸಬೇಕಾದಾಗ ಅಂಗುಲದ ಲೆಕ್ಕದಲ್ಲಿ ಬಂತು. ಯಂತ್ರ ಮುಳುಗುವ ಇಪ್ಪತ್ತೊಂದು ದಿನ ಮೊದಲೇ ಅವೇ ಅಳತೆಗಳನ್ನು ನಾನು ಬರೆದುಕೊಟ್ಟಿದ್ದೇನೆ. ಆ ನಾಲ್ಕು ಪುಟ ಪುರಸಭೆಯಲ್ಲಿ ಭಾವನ ಟಪಾಲು ಮೇಜಿನ ಡ್ರಾಯರಿನಲ್ಲಿರಬೇಕು. ಇಲ್ಲದಿದ್ದರೆ ಎಲ್ಲಿ ಹೋಯಿತೆಂದು ಕೇಳಬೇಕು. ಒಪ್ಪಿಗೆ ರದ್ದಾಗಬೇಕು, ನೋಟಿಸನ್ನು ಬಾಗಿಲ ಮುಂದೆ ಅಂಟಿಸಿ ವಿಚಾರಣೆ ಮೊದಲಿಂದ ನಡೆಯಬೇಕು. ಗುಂಡಿಯಲ್ಲಿ ಉಳಿದ ಸುಣ್ಣಕ್ಕೆ ಮಣ್ಣು ಬೆರೆತಿದೆ. ಕಮಾನಿಗೆ ಅದು ಇನ್ನು ಆಗುವುದಿಲ್ಲ. ಈ ವರ್ಷ ಹೊಸದಾಗಿ ತುಂಬಿಸಿದರೆ ಅದನ್ನು ತೆರೆಯುವಾಗ ನನಗೆ ಅರವತ್ತಾರು.

ರಸೀದಿಯನ್ನು ಈ ಹೇಳಿಕೆಯ ಜೊತೆ ಕೊಡುತ್ತಿದ್ದೇನೆ. ಅದರ ಕೆಳಗಿರುವ ಸಹಿ ನನ್ನ ಭಾವನದು ಎಂದು ಗುರುತಿಸುತ್ತೇನೆ. ಇದರಿಂದ ಅವರ ಕೆಲಸಕ್ಕೆ ಕುತ್ತು ಬರುತ್ತದೆಂದು ನನಗೆ ಗೊತ್ತು. ಅಕ್ಕ ಇನ್ನು ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದೂ ಗೊತ್ತು. ಚಾಲಕನ ಪ್ರಶ್ನೆಗೆ ಮೊನ್ನೆ ಅರ್ಧ ಉತ್ತರ ಕೊಟ್ಟಿದ್ದೆ, ಉಳಿದರ್ಧ ಇದು.

ಮೂಲ ರಸೀದಿ ನನ್ನ ಹತ್ತಿರ ಇದ್ದದ್ದು ಒಂದೇ. ಅದನ್ನು ತೆಗೆದುಕೊಂಡಿದ್ದಕ್ಕೆ ಠಾಣೆಯಿಂದ ರಸೀದಿ ಕೊಡಬೇಕೆಂದು ಕೇಳಿದೆ. ಹೆಡ್ ಕಾನ್‌ಸ್ಟೆಬಲ್ ಸಾಹೇಬರು, ‘ಪೊಲೀಸರ ಮೇಲೂ ನಂಬಿಕೆ ಇಲ್ವಾ ಸುಣ್ಣದಕ್ಕ?’ ಎಂದರು. ಮಂಗಳವಾರ 8 ಗಂಟೆ 30 ನಿಮಿಷದವರೆಗೆ ಇತ್ತು ಎಂದೆ.

ನಾನು ಹೇಳಿದ್ದನ್ನು ನನಗೆ ಓದಿ ಹೇಳಿದ್ದಾರೆ. ಇದರಲ್ಲಿರುವುದೆಲ್ಲ ನಾನು ಕಂಡದ್ದು, ಮಾಡಿದ್ದು, ನನ್ನ ಕಿವಿಯಾರೆ ಕೇಳಿದ್ದು. ಸೇರಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ. ಠಾಣೆಯ ರಸೀದಿ ಕೈಗೆ ಬರುವವರೆಗೆ ಸಹಿ ಹಾಕುವುದಿಲ್ಲ ಎಂದು ಕೂತಿದ್ದೆ. ಸಂಜೆ 4 ಗಂಟೆ 50 ನಿಮಿಷಕ್ಕೆ, ಮುದ್ರೆಯೊಂದಿಗೆ, ಬಂದಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 13, ಗುರುವಾರ
ಸಹಿ: (ಹಾಕಿದೆ)