ಅಪ್ಪ ಮಾಡಿಟ್ಟ ಕೊನೆಯ ಪದಬಂಧ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ದವಡೆ ಹಿಡಿದು ಕೂತಿದ್ದ ಟೈಲರಮ್ಮನಿಗೆ ಎದುರಿನ ಅಕ್ಕತಂಗಿಯರ ಮಾತು ಕೇಳುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಅವರಿಬ್ಬರೂ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು, ಅದರ ಮೇಲೆ ಪತ್ರಿಕೆಯ ಪದಬಂಧ ಹರಡಿಕೊಂಡಿದ್ದರು.

“ಅಕ್ಕಾ, ‘ಕೊರಳ ಸರ ತಿರುಗಿ ಹಣ್ಣಿನೊಳಗೆ ಸೇರಿತು.’ ಎರಡಕ್ಷರ.”

“ಸರಾನ ತಿರುಗಿಸು. ರಸ. ಅಮ್ಮನ ಸರ ಕಳೆದೋದಾಗ ಮಾಡಿದ್ದಿರ್ಬೇಕು, ಕಿಲಾಡಿ ಅಪ್ಪ.”

“ಮಣ್ಣು ಮಾಡಿ ಬಂದ್ಮೇಲೂ ವಾರವಾರ ನಮ್ಮನ್ನ ಸತಾಯಿಸ್ತಾನೇ ಇದಾರಲ್ಲ!”

“ಮುಂಚೇನೇ ಒಂದಷ್ಟು ಮಾಡಿ ಪತ್ರಿಕೆಯವ್ರಿಗೆ ಕೊಟ್ಟಿಟ್ಟಿದ್ರು. ಇದೇ ಕೊನೇದಂತೆ. ನಿನ್ನೆ ಫೋನ್ ಮಾಡಿ ಹೇಳಿದ್ರು.”

ತಂಗಿಯ ಪೆನ್ನು ನಿಂತಿತು.

“ಇನ್ನು ಒಂದೇ ಉಳಿದಿದೆ. ‘ಕೂತವರು ಎದ್ದು ಹೋದರೂ ನಾಲ್ಕು ಕಾಲಲ್ಲಿ ನಿಂತು ಕಾಯುತ್ತದೆ.’”

“ಕುರ್ಚಿ.”

“ಬರೀಲಾ?”

“ಬೇಡ ಕಣೇ. ಬರೆದ್ರೆ ಮುಗಿದೇ ಹೋಗುತ್ತೆ.”

ಅಷ್ಟರಲ್ಲಿ ನರ್ಸ್ ಕರೆದಳು. ತಂಗಿ ಪತ್ರಿಕೆ ಮಡಚಿಕೊಂಡಳು. ಇಬ್ಬರೂ ಒಳಗೆ ಹೋದರು.

ಆಮೇಲೆ ಬಂದ ಗಂಡಸೊಬ್ಬ ಆ ನಡುವಿನ ಕುರ್ಚಿಯಲ್ಲಿ ಕೂರಲು ಹೋದ. ಟೈಲರಮ್ಮ ತನಗೇ ಗೊತ್ತಿಲ್ಲದಂತೆ ಕೈ ಅಡ್ಡ ಹಿಡಿದಳು.

“ಪಕ್ಕದ್ರಲ್ಲಿ ಕೂತ್ಕೊಳ್ಳಿ. ಅಲ್ಲಿ ಜನ ಇದಾರೆ.”